ಕೆಂಪು ದಾರದ ಪಾಠ

ಎಡಪಕ್ಕೆಯ ಹೊಲಿಗೆ ಬಿಟ್ಟಿದೆ, ಈಗ ಕಾರಿಡಾರಿನಲ್ಲಿ ಓಡಿಹೋದ ಹುಡುಗಿಯ ಅಂಗಿಯದು, ಕಂಕುಳಿಂದ ಎರಡು ಬೆರಳು ಕೆಳಗೆ, ನನ್ನದೇ ಹೊಲಿಗೆ, ಈ ಶಾಲೆಯಲ್ಲಿ ಓಡಾಡುವ ಮುನ್ನೂರು ಅಂಗಿಯೂ ನನ್ನ ಮಷೀನಿನಿಂದಲೇ ಇಳಿದದ್ದು, ನಿಲ್ಲೇ ಮರಿ ಒಂದು ನಿಮಿಷ ಅನ್ನುವಷ್ಟರಲ್ಲಿ ಮೂಲೆ ತಿರುಗಿಬಿಟ್ಟಳು, ಹೋಗಲಿ, ಸೂಜಿ ತಂದಿಲ್ಲ — ತಂದಿದ್ದೇನೆ, ಕಾಲರಿನ ಒಳಗೆ ಚುಚ್ಚಿದೆ, ಯಾವತ್ತೂ ಇರುತ್ತದೆ, ಆದರೆ ಇವತ್ತು ದಾರ ಪೋಣಿಸೋ ತಾಳ್ಮೆ ಎಲ್ಲಿದೆ, ಕಾಲು ಬೆಂಚಿನ ಕೆಳಗೆ ಇಲ್ಲದ ಪೆಡಲನ್ನು ತುಳಿಯುತ್ತಲೇ ಇದೆ, ನೋಡಿದವರು ಹೆದರಿಕೆ ಅಂದುಕೊಂಡಾರು, ಹೆದರಿಕೆಯಲ್ಲ, ನಿನ್ನೆಯಿಂದ ಹೀಗೇ, ಹೊಸ ಬಟ್ಟೆಗೆ ಮೊದಲ ಕತ್ತರಿ ಹಾಕುವ ಮುಂಚಿನ ಆತುರ ಇರುತ್ತದಲ್ಲ, ಅದು. ಬಾಗಿಲ ಗಾಜಿನಾಚೆ ಗುಂಡಿ ಕೂತಿದ್ದಾಳೆ. ನನ್ನ ಗುಂಡಿ — ಒಂದೂವರೆ ವರ್ಷದವಳಿದ್ದಾಗ ಅಂಗಿಯ ಗುಂಡಿ ನುಂಗಿ ಮೂರು ದಿನ ಮನೆಯವರ ಜೀವ ಹಿಂಡಿದವಳು, ಹೆಸರು ಹಾಗೇ ಅಂಟಿಕೊಂಡಿತು — ಈಗ ಎಂಟು ವರ್ಷ, ಮೂರನೇ ತರಗತಿ, ಕೊನೇ ಬೆಂಚಿನವಳು. ಎದುರಿಗೆ ಪರೀಕ್ಷೆ ಮಾಡಲು ಹೊರಗಿನಿಂದ ಬಂದ ಮೇಡಂ, ಪಕ್ಕದಲ್ಲಿ ಸ್ಪೆಷಲ್ ಕ್ಲಾಸಿನ ಟೀಚರ್. ಅಮ್ಮಂದಿರು ಹೊರಗಿರಿ, ನೀವಿದ್ರೆ ಮಕ್ಕಳು ಪ್ರಶ್ನೆ ನೋಡಲ್ಲ, ನಿಮ್ಮ ಮುಖ ನೋಡ್ತವೆ, ಅಂದರು ಮೇಡಂ, ಆದರೆ ಬಾಗಿಲು ಪೂರ್ತಿ ಮುಚ್ಚಲಿಲ್ಲ, ಪುಣ್ಯಾತ್ಗಿತ್ತಿ, ಎಲ್ಲ ಕೇಳಿಸುತ್ತಿದೆ, ಫ್ಯಾನಿನ ಕಿರ್ರ್ ಕೂಡ. ಕಾರಿಡಾರಿನ ತುದಿಗೆ ಆ ಸ್ಪೆಷಲ್ ಕ್ಲಾಸಿನ ಕೋಣೆ, ಎಂಟು ಕುರ್ಚಿ, ಏಳು ಭರ್ತಿ, ಒಂದು ಖಾಲಿ, ಆ ಒಂದು ಖಾಲಿ! ಟೀಚರ್ ಬಿಡಿಸಿ ಹೇಳಿದ್ದಾರೆ, ಓದು ಬರುತ್ತೆ ಅಂತ ಮೇಡಂ ಬರೆದರೆ ಗುಂಡಿ ಇದ್ದ ಬೆಂಚಿನಲ್ಲೇ ಉಳೀತಾಳೆ, ಬರೋ ವರ್ಷದ ತನಕ ಮತ್ತೆ ಯಾರೂ ಕೇಳಲ್ಲ, ಬರಲ್ಲ ಅಂತ ಬರೆದರೆ ದಿನಾ ಬೆಳಿಗ್ಗೆ ಎರಡು ತಾಸು ಆ ಕೋಣೆ, ಆಮೇಲೆ ತನ್ನ ತರಗತಿ, ಅದು ಶಿಕ್ಷೆ ಅಲ್ಲಮ್ಮಾ, ಬೇರೆ ದಾರಿ ಅಷ್ಟೆ. ಶಿಕ್ಷೆ ಅಂತಲೇ ತಿಳಿದಿದ್ದೆ ನಾನೂ, ಮಕ್ಕಳು ಅದನ್ನು ರಿಪೇರಿ ಅಂಗಡಿ ಅಂತಾರೆ, ದೊಡ್ಡವರೂ ಬೆನ್ನ ಹಿಂದೆ ಹಾಗೇ ಅಂತಾರೆ. ನಿನ್ನೆ ಅಂಗಿಯ ಗಂಟು ತಲುಪಿಸಿ ಹೊರಟವಳು ಗುಂಡಿಯ ಕೈ ಹಿಡಿದು ಆ ಬಾಗಿಲಲ್ಲಿ ನಿಂತೆ, ಒಳಗೆ ಬನ್ನಿ ಅಂದರು ಟೀಚರ್, ಗೋಡೆಯ ತುಂಬ ಉಪ್ಪುಕಾಗದ ಕತ್ತರಿಸಿ ಅಂಟಿಸಿದ ಅಕ್ಷರ, ಅಂಗಡಿ ಬೋರ್ಡು ಬರೆಯುವ ಅವಳಪ್ಪ ಹಲಗೆ ಉಜ್ಜಲು ತರುವ ಅದೇ ಒರಟು ಕಾಗದ, ಗುಂಡಿ ಕೈ ಬಿಡಿಸಿಕೊಂಡು ಹೋಗಿ ಒಂದರ ಮೇಲೆ ಬೆರಳಿಟ್ಟಳು, ಕಣ್ಣು ಮುಚ್ಚಿದಳು — ಮನೆಯಲ್ಲಿ ಬಟ್ಟೆ ಮುಟ್ಟಿ ಹೇಳುವಾಗಲೂ ಹೀಗೇ ಮುಚ್ಚುತ್ತಾಳೆ, ಇದು ಪಾಪ್ಲಿನ್, ಇದು ಕಾಟನ್, ಇದರ ಒಳಮೈ ಮೇಲೆ ಬಂದಿದೆ ತಿರುಗಿಸಮ್ಮಾ, ನಾನು ತಪ್ಪಿದ್ದುಂಟು, ಅವಳು ಒಂದು ದಿನ ತಪ್ಪಿದ್ದಿಲ್ಲ — ಬೆರಳು ಮೇಲೆ ಹತ್ತಿತು, ಸುತ್ತಿತು, ಇಳಿಯಿತು, ವ, ಅಂದಳು. ಪಕ್ಕದ್ದರ ಮೇಲಿಟ್ಟಳು, ಇದಕ್ಕೆ ಬಾಲ ಇದೆ, ಮ. ಮೂರು ವರ್ಷದಲ್ಲಿ ಒಮ್ಮೆಯೂ ಈ ಎರಡನ್ನು ಬೇರೆ ಮಾಡದವಳು! ಅಮ್ಮಾ, ಇಲ್ಲಿ ಇವು ಸುಮ್ನೆ ನಿಂತ್ಕೊಳ್ತವೆ, ಅಂದಳು, ನನ್ನ ಕಿವಿ ಬಿಸಿಯಾಗಿ ಕೇಳಿಸದ ಹಾಗಾಯಿತು, ಟೀಚರ್ ಏನೋ ಹೇಳುತ್ತಿದ್ದರು, ಆ ಎಂಟನೇ ಕುರ್ಚಿಯ ಮೇಲೆ ನಾನೇ ಓಡಿಹೋಗಿ ಟವೆಲ್ ಹಾಕಿ ಬರೋಣ ಅನ್ನಿಸಿತು, ಬಸ್ಸಿನ ಸೀಟಿಗೆ ಹಾಕುವ ಹಾಗೆ.

ಪುಸ್ತಕದಲ್ಲಿ ನಿಲ್ಲಲ್ಲ ಅವು. ಒಂದನೇ ತರಗತಿಯಲ್ಲೇ ಹೇಳಿದ್ದಳಲ್ಲ, ಅಮ್ಮಾ, ಅಕ್ಷರಗಳೆಲ್ಲ ಯೂನಿಫಾರಂ ಹಾಕ್ಕೊಂಡಿವೆ, ಯಾರು ಯಾರು ಅಂತ ಗೊತ್ತಾಗಲ್ಲ, ಅಂತ. ನಕ್ಕುಬಿಟ್ಟೆ. ಸೋಮಾರಿ ಅಂದೆ. ಒಂದು ಸಲ ಅಳತೆಪಟ್ಟಿಯಿಂದ ಬಾರಿಸಿದೆ, ಪಟ್ಟಿಯ ಅಂಕಿ ಮೊಣಕೈ ಮೇಲೆ ಮೂಡಿತ್ತು, ಅದನ್ನು ನೆನೆಸಬೇಡ ಈಗ, ಆಮೇಲೆ ಉಪಾಯ ಹೂಡಿದೆ, ದೊಡ್ಡ ಬುದ್ಧಿವಂತೆ ನಾನು, ಮಷೀನು ತುಳಿಯುತ್ತಾ ಪಾಠವನ್ನು ನಾನು ಓದುವುದು, ಪಕ್ಕದಲ್ಲಿ ಅಂಗಿಗೆ ಗುಂಡಿ ಹಚ್ಚುತ್ತಾ ಅವಳು ಕೇಳುವುದು, ಮೂರು ಸಲ ಕೇಳಿದರೆ ಸಾಕು, ಒಂದಕ್ಷರ ಬಿಡದೆ ಒಪ್ಪಿಸುತ್ತಾಳೆ, ಆದರೆ ಯಾವ ಪುಟಕ್ಕೆ ಯಾವ ಪಾಠ ಅಂತ ತಿಳಿಯಬೇಡವೇ, ಅದಕ್ಕೆ ಪ್ರತಿ ಪಾಠದ ಮೊದಲ ಪುಟದ ಒಳಮೂಲೆಗೆ ಒಂದೊಂದು ಬಣ್ಣದ ದಾರ ಹೊಲಿದೆ, ಬೇರೆಯವರ ಕಣ್ಣಿಗೆ ಬೀಳದ ಹಾಗೆ ಎರಡೇ ಹೊಲಿಗೆ, ಹಳದಿ ಅಂದರೆ ಆಮೆ, ನೀಲಿ ಅಂದರೆ ಹಡಗು, ಹಸಿರು ಅಂದರೆ ಸೋಪು ತಯಾರಿಸುವ ಬಗೆ, ಕೆಂಪು ಅಂದರೆ ಕತ್ತೆ. ಯಾರಿಗೂ ಹೇಳಬಾರದು, ಅಮ್ಮನಾಣೆ. ಅಮ್ಮನಾಣೆ, ಅಂದಳು, ನನ್ನ ನೆತ್ತಿ ಮುಟ್ಟಿ. ಹಾಗೆ ಅವಳ ಬಾಯಿಗೂ ನಾನೇ ಹೊಲಿಗೆ ಹಾಕಿದೆ. ಅರವತ್ತು ಮಕ್ಕಳ ತರಗತಿಯಲ್ಲಿ ಯಾರಿಗೆ ಪುರುಸೊತ್ತು, ಓದು ಚೆನ್ನಾಗಿದೆ, ಬರವಣಿಗೆ ಸಾಲದು, ಅಂತ ಕ್ಲಾಸ್ ಟೀಚರ್ ಬರೆದು ಕಳಿಸಿದರು, ಅವಳಪ್ಪ ಅದರ ಮೊದಲರ್ಧವನ್ನು ಮಾತ್ರ ಬೀದಿಗೆಲ್ಲ ಓದಿ ಹೇಳಿಕೊಂಡು ಬಂದರು, ಹೋದ ತಿಂಗಳು ಕಪ್ಪುಹಲಗೆಯ ಮೇಲೆ ತನ್ನ ಹೆಸರನ್ನೇ ಗುರುತು ಹಿಡಿಯಲಿಲ್ಲ ಅಂತ ಸ್ಪೆಷಲ್ ಕ್ಲಾಸಿನ ಟೀಚರ್ ಈ ಪರೀಕ್ಷೆಯ ಪಟ್ಟಿಗೆ ಸೇರಿಸುವ ತನಕ ಎಲ್ಲ ಸುಗಮ. ಇವತ್ತು ಬೆಳಿಗ್ಗೆ ಬ್ರಷ್ ತೊಳೆಯುತ್ತಾ ಅವಳಪ್ಪ, ಊರಿಗೆಲ್ಲ ಬೋರ್ಡು ಬರೆದುಕೊಡೋನು ನಾನು, ನನ್ನ ಮಗಳಿಗೇ ಅಕ್ಷರ ಬರಲ್ಲ ಅಂತ ಒಂದು ಬೋರ್ಡು ಬರೆದು ಮನೆ ಬಾಗಿಲಿಗೆ ನೇತುಹಾಕ್ಲಾ, ಅಂದರು. ಹಾಕಿ, ಕಾಗುಣಿತ ತಪ್ಪಬೇಡಿ ಅಷ್ಟೆ, ಅಂದೆ. ಫಕ್ಕನೆ ನಕ್ಕರು, ಆಮೇಲೆ ನಕ್ಕದ್ದಕ್ಕೇ ಸಿಟ್ಟು ಬಂದು ಏಣಿ ಹೊತ್ತುಕೊಂಡು ಹೊರಟುಹೋದರು. ಅವರು ಹೋದ ಮೇಲೆ ಪುಸ್ತಕ ತೆಗೆದು ದಾರ ಕೀಳಲು ಕೂತೆ, ಇವತ್ತು ಇದ್ದದ್ದು ಇದ್ದ ಹಾಗೆ ಕಾಣಲಿ ಅಂತ, ಹಳದಿ ಕಿತ್ತೆ, ನೀಲಿ ಕಿತ್ತೆ, ಹಸಿರು ಕಿತ್ತೆ, ಕೆಂಪಿನ ಹತ್ತಿರ ಬಂದು ಕೈ ನಿಂತಿತು, ಕತ್ತೆಯ ಪಾಠ, ಅದನ್ನು ಅವಳು ಹೇಳುವ ಚಂದಕ್ಕೆ ಅಂಗಿ ಒಯ್ಯಲು ಬಂದವರು ನಿಂತು ಕೇಳುತ್ತಾರೆ, ಒಂದಾದರೂ ಇರಲಿ ಅಂತ ಬಿಟ್ಟೆ. ಒಂದಾದರೂ ಇರಲಿ! ಯಾರಿಗೆ, ಅವಳಿಗಾ, ನಿನಗಾ? ಆಣೆ ಇನ್ನು ಬೇಡ ಅಂತ ಅವಳಿಗೆ ಹೇಳಲೇ ಇಲ್ಲ.

ಮರದ ತುಂಡು ಜೋಡಿಸಿದ್ದಾಯಿತು, ಚಿತ್ರ ಗುರುತಿಸಿದ್ದಾಯಿತು, ಶಭಾಷ್ ಅಂತಿದ್ದಾರೆ ಮೇಡಂ, ಈಗ ಓದೋಣ್ವಾ ಪುಟ್ಟಿ, ಹೊಸ ಪುಸ್ತಕ ಬೇಡ, ನಿನ್ನ ಬ್ಯಾಗಲ್ಲಿರೋದೇ ತೆಗಿ, ಇಷ್ಟದ ಪಾಠ ಓದು — ಬೇಡ, ಬೇಡ, ಬೇರೆ ಕೊಡಿ ಮೇಡಂ, ಅಂತ ನನ್ನೊಳಗೇ — ಗುಂಡಿ ಪುಸ್ತಕ ಬಿಚ್ಚಿದಳು, ಬೆರಳು ಒಳಮೂಲೆಗಳನ್ನು ತಡವಿತು, ಹಳದಿ ಇಲ್ಲ, ನೀಲಿ ಇಲ್ಲ, ಮುಖ ಬಾಡಿತು, ತಡವಿತು, ಸಿಕ್ಕಿತು, ಕೆಂಪು ದಾರ, ಮುಖ ದೀಪ ಹಚ್ಚಿದ ಹಾಗಾಯಿತು. ಒಂದು ಊರಿನಲ್ಲಿ ಒಂದು ಕತ್ತೆ ಇತ್ತು. ಅದಕ್ಕೆ ತನ್ನ ದನಿ ಎಂದರೆ ಬಹಳ ಇಷ್ಟ. ಅಯ್ಯೋ ಎಷ್ಟು ಚೆನ್ನಾಗಿ ಹೇಳುತ್ತಾಳೆ, ನನ್ನ ತುಟಿಯೂ ಆಡುತ್ತಿದೆ, ಅದು ಬೆಳಗಾಗೆದ್ದು ಕೆರೆಯ ನೀರಿಗೆ ಹಾಡು ಹೇಳುತ್ತಿತ್ತು, ಹಾಳೆ ತಿರುವಿದಳು, ಸರಿಯಾದ ಮಾತಿಗೇ ತಿರುವಿದಳು, ಮೇಡಂ ಹುಬ್ಬು ಏರಿಸಿ ಟೀಚರ್ ಕಡೆ ನೋಡಿದರು, ಟೀಚರ್ ಕಕ್ಕಾಬಿಕ್ಕಿ, ನೋಡಿ, ನೋಡಿ, ನನ್ನ ಮಗಳು, ಎದೆ ಒಡೆದುಹೋಗುವ ಹಾಗೆ ಉಬ್ಬುತ್ತಿದೆ, ಮೇಡಂ ಪೆನ್ನಿನ ಮುಚ್ಚಳ ತೆಗೆದರು, ಕಪ್ಪೆಗಳು ಎದ್ದು, ಗುಂಡಿ ನಿಲ್ಲಿಸಿದಳು, ಒಂದು ಉಸಿರಿನಷ್ಟು, ಓಡಿಹೋದವು — ಅಲ್ಲಿ ಯಾಕೆ ನಿಂತಳು? ಪುಸ್ತಕದಲ್ಲಿ ಅಲ್ಲಿ ಏನೂ ಇಲ್ಲ. ಮನೆಯಲ್ಲಿ ಓದುವಾಗ ಅಲ್ಲಿ ನಾನು ನಿಂತಿದ್ದೆ, ಹಲ್ಲಿನಲ್ಲಿ ದಾರ ಕಡಿಯಲು. ಕಪ್ಪೆಗಳು ಎದ್ದು, ಕಟ್, ಓಡಿಹೋದವು. ನನ್ನ ಉಸಿರು, ನನ್ನ ಹಲ್ಲು, ನನ್ನ ದನಿ, ಮೂರು ವರ್ಷದಿಂದ ಆ ಕೊನೇ ಬೆಂಚಿನಲ್ಲಿ ಕೂತು ಓದುತ್ತಿರುವವಳು ನಾನು, ತನ್ನ ದನಿ ಎಂದರೆ ಬಹಳ ಇಷ್ಟ, ಪೆನ್ನು ಕಾಗದ ಮುಟ್ಟುತ್ತಿದೆ, ಓದು ಬರುತ್ತೆ, ಬರೋ ವರ್ಷದ ತನಕ ಯಾರೂ ಕೇಳಲ್ಲ — ಯಾವಾಗ ಎದ್ದೆ, ಬಾಗಿಲು ಗೋಡೆಗೆ ಬಡಿಯಿತು, ಓದ್ತಿರೋದು ಅವಳಲ್ಲ ಮೇಡಂ, ನಾನು. ಏನಂದ್ರಿ? ನಾನು ಮೇಡಂ, ಅವಳಿಗೆ ಬಾಯಿಪಾಠ, ಈ ಪುಟದ ಮೂಲೆ ನೋಡಿ, ದಾರ ಹೊಲಿದವಳು ನಾನೇ. ಅಮ್ಮಾ! ಗುಂಡಿ ಎರಡೂ ಕೈಯಿಂದ ಮೂಲೆ ಮುಚ್ಚಿದಳು, ಹೇಳ್ಬೇಡ, ಆಣೆ ಇದೆ, ನಿಂಗೇನಾದ್ರೂ ಆಗುತ್ತೆ. ಮೂರು ವರ್ಷ ನನ್ನ ಜೀವವನ್ನು ಈ ಪುಟ್ಟ ಬೆರಳುಗಳಲ್ಲಿ ಹಿಡಿದುಕೊಂಡು ಶಾಲೆಗೆ ಬಂದಿದ್ದಾಳೆ ಇವಳು, ಯಾರಿಗೂ ಕಾಣದ ಹಾಗೆ. ಏನಾಗುತ್ತೆ ಹುಚ್ಚೀ, ನೋಡು, ಗುಂಡುಕಲ್ಲಿನ ಹಾಗಿದ್ದೀನಿ, ಆಣೆ ನಂದು, ನಾನೇ ವಾಪಸ್ ತಗೊಂಡೆ, ಬಿಡು ಕೈ. ಬಿಡಲೊಲ್ಲಳು. ಒಂದೊಂದೇ ಬೆರಳು ಬಿಡಿಸಿದೆ, ಬಗ್ಗಿದೆ, ಕತ್ತರಿ ಹುಡುಕುವ ಪುರುಸೊತ್ತಿಲ್ಲ, ಹಲ್ಲಿನಲ್ಲಿ ಕಡಿದೆ, ಎಳೆದೆ, ಕಾಗದದಲ್ಲಿ ಸೂಜಿಮೊನೆಯಷ್ಟು ತೂತುಗಳು ಉಳಿದವು. ಮೇಡಂ ನನ್ನನ್ನೇ ನೋಡಿದರು, ಬಯ್ಯಲಿ, ಬಯ್ಯಲಿ, ಮೂರು ವರ್ಷದ್ದು ಸೇರಿಸಿ ಬಯ್ಯಲಿ, ಬರೆದದ್ದರ ಮೇಲೆ ಉದ್ದಕ್ಕೆ ಗೀಟು ಎಳೆದರು, ಆ ಎಂಟನೇ ಕುರ್ಚಿ ಇನ್ನೂ ಇದೆಯಾ, ಅಂತ ಕೇಳಿದರು ಟೀಚರನ್ನು. ಇದೆ! ಟೀಚರಿಗಿಂತ ಮೊದಲು ನಾನೇ ಕೂಗಿದೆ, ಇಬ್ಬರೂ ನಕ್ಕರು, ಗುಂಡಿ ನಗಲಿಲ್ಲ, ದಾರ ಕೇಳಿ ಇಸಿದುಕೊಂಡು ತೋರುಬೆರಳಿಗೆ ಸುತ್ತಿಕೊಂಡಳು, ಸುತ್ತು, ಸುತ್ತು, ತುದಿಯನ್ನು ಒಳಗೆ ಸಿಕ್ಕಿಸಿದಳು, ನಾನು ಕಲಿಸಿದ ಹಾಗೇ, ಅವಳಪ್ಪನಿಗೆ ಸಂಜೆ ಏನು ಹೇಳಲಿ, ಒಂದು ಹಾಳೆ ಉಪ್ಪುಕಾಗದ ಜಾಸ್ತಿ ತನ್ನಿ ಅನ್ನಲೇ, ಊರಿಗೆಲ್ಲ ಬರೆದದ್ದು ಸಾಕು, ಮಗಳಿಗೆ ಬರೆಯಿರಿ, ಕಣ್ಣಿಗಲ್ಲ, ಬೆರಳಿಗೆ, ಅವರ ಕೈಯ ಅಕ್ಷರ ಎಷ್ಟು ದುಂಡಗೆ — ಟೀಚರ್ ರಟ್ಟೊಂದನ್ನು ತಂದು ಮುಂದಿಟ್ಟರು, ಒರಟು ಅಕ್ಷರ, ನಿನ್ನೆ ನೋಡಿದ್ದಲ್ಲ, ಬೇರೆಯದು, ನನ್ನ ತುಟಿ ತಾನೇ ಬಿಚ್ಚುತ್ತಿದೆ, ಮುಚ್ಚು, ಹಲ್ಲು ಕಚ್ಚು, ಈಗ ಓದೋದು ನೀನಲ್ಲ, ಅವಳು, ಗುಂಡಿ ಕಣ್ಣು ಮುಚ್ಚಿದಳು, ಬೆರಳು ಇಟ್ಟಳು, ಹತ್ತುತ್ತಿದೆ, ಸುತ್ತುತ್ತಿದೆ, ಬೆರಳ ಮೇಲೆ ಕೆಂಪು ದಾರ, ಕೆಂಪು ದಾರ, ಕೆಂಪು —