ಪರದೆಯ ಈಚೆಗಿನ ಕವಡೆ

ಎಂಟು ತಿಂಗಳಿನಿಂದ ಪಾಠ ಹೇಳುತ್ತಿದ್ದರೂ ಇಬ್ರಾಹಿಂಸಾಬ ಮಾಸ್ತರರು ಶೇಖರಮ್ಮನ ಮುಖವನ್ನು ಒಮ್ಮೆಯೂ ನೋಡಿರಲಿಲ್ಲ. ಯಲಬುರ್ಗಾ ಹತ್ತಿರದ ಮಂಗಳೂರೆಂಬ ಹಳ್ಳಿಯ ಆ ಗೌಡರ ಮನೆಯ ಹೆಂಗಸರು ಪರಗಂಡಸರ ಕಣ್ಣಿಗೆ ಬೀಳುತ್ತಿರಲಿಲ್ಲ. ನಡುಮನೆಯಲ್ಲಿ ಕೋಲಿಗೆ ನೇತುಹಾಕಿದ ನೀಲಿ ಪರದೆ. ಆಚೆ ಸೊಸೆ ಶೇಖರಮ್ಮ, ಈಚೆ ಹಾರ್ಮೋನಿಯಂ ಪೇಟಿ ಮುಂದಿಟ್ಟುಕೊಂಡ ಮಾಸ್ತರರು. ಎರಡೂ ಕಡೆ ಕಾಣುವಂತೆ ಬಾಗಿಲ ಬಳಿ ಅತ್ತೆ ಮುದುಕಮ್ಮ ಕುಳಿತು ಅರಳೆ ಹಿಂಜುತ್ತಿದ್ದಳು.

ಜರ್ಮನಿಯ ಲಡಾಯಿ ಶುರುವಾದ ವರ್ಷ ಶೇಖರಮ್ಮನ ಗಂಡ ಓಬಳೆಪ್ಪಗೌಡ ಹುಬ್ಬಳ್ಳಿಯಲ್ಲಿ ಕಂಪನಿ ನಾಟಕ ನೋಡಿ ಬಂದವನೇ, ತನ್ನ ಹೆಂಡತಿಯೂ ಹಾಗೆ ಹಾಡಬೇಕೆಂದು ಹಟ ಹಿಡಿದಿದ್ದ. ಮುದುಕಮ್ಮ ಒಂದು ಕರಾರಿನ ಮೇಲೆ ಒಪ್ಪಿದಳು.

"ಹೊಟ್ಟಿಯೊಳಗ ಕೂಸು ಬಂದ ದಿನ ಪಾಠ ಬಂದ್. ಹೊಟ್ಟಿ ಒತ್ತಿ ಕೂಗೂದು ಬಸುರಿ ಹೆಂಗಸಿಗೆ ಆಗೂದಿಲ್ಲ."

ಯಲಬುರ್ಗಾದಿಂದ ವಾರಕ್ಕೆರಡು ಸಲ ಬರುವ ಮಾಸ್ತರರು ಮೊದಲ ಎರಡು ತಿಂಗಳು ಒಂದು ಸ್ವರವನ್ನೂ ಹೇಳಿಕೊಡಲಿಲ್ಲ. ಬರೀ ಉಸಿರು. ಗೌಡನಿಗೆ ನಗು ಬಂತು.

"ಏನ್ರೀ ಮಾಸ್ತರ, ನಮ್ಮನಿಯಾಕಿ ಹುಟ್ಟಿದಾಗಿಂದ ಉಸಿರಾಡಾಕ್ಹತ್ಯಾಳ. ಅದನ್ನೂ ಕಲಸಬೇಕೇನು?"

"ಎದಿಯಿಂದ ಆಡ್ತಾರ್ರಿ ಗೌಡ್ರ. ಹೊಟ್ಟಿಯಿಂದ ಆಡಬೇಕು. ತೊಟ್ಟಲದಾಗಿನ ಕೂಸು ಹಂಗಽ ಆಡತೈತಿ ನೋಡ್ರಿ. ಬೆಳೆದ ಮ್ಯಾಲೆ ನಾವು ಮರತೀವಿ."

ಆದರೆ ಕಾಣದ ಹೊಟ್ಟೆಯನ್ನು ತಿದ್ದುವುದು ಹೇಗೆ? ಮಾಸ್ತರರು ಒಂದು ಉಪಾಯ ಮಾಡಿದ್ದರು. ಶೇಖರಮ್ಮ ಬೆನ್ನ ಹಿಂದಿನ ಕಂಬಕ್ಕೆ ದಾರದ ಒಂದು ತುದಿ ಕಟ್ಟಿ, ಅದನ್ನು ಹೊಟ್ಟೆಯ ಸುತ್ತ ತಂದು, ಇನ್ನೊಂದು ತುದಿಯನ್ನು ಪರದೆಯ ಕೋಲಿನ ಮೇಲಿಂದ ಈಚೆಗೆ ಬಿಡಬೇಕು. ತುದಿಗೆ ಒಂದು ಕವಡೆ. ಉಸಿರು ಕೆಳಗಿಳಿದು ಹೊಟ್ಟೆ ತುಂಬಿದರೆ ಕವಡೆ ಮೇಲೇರುತ್ತದೆ. ಸಾ ಹಿಡಿದು ನಿಂತಾಗ ಅದು ನಿಧಾನ ಇಳಿಯಬೇಕು, ಜಿಗಿಯಬಾರದು, ನಡುಗಬಾರದು. ದಾರ ಮಾಸ್ತರರ ಕೈಯಲ್ಲಿ ಇರದಿದ್ದ ಕಾರಣ ಮುದುಕಮ್ಮ ಅದಕ್ಕೆ ಬೇಡವೆನ್ನಲಿಲ್ಲ.

ಆ ಮನೆಯಲ್ಲಿ ಶೇಖರಮ್ಮನ ಮಾತು ಅಡುಗೆಮನೆ ದಾಟುತ್ತಿರಲಿಲ್ಲ. ಬಾವಿಗೆ ಹೋಗುವವರು ಬೇರೆ, ಸಂತೆಗೆ ಹೋಗುವವರು ಬೇರೆ. ಮಾಸ್ತರರ ಜೊತೆಗೂ ಅವಳು ಒಂದು ಮಾತನ್ನೂ ಆಡಿರಲಿಲ್ಲ, ಸ್ವರವಷ್ಟೇ. ಆದರೆ ಪೇಟಿಯ ಕರಿ ನಾಲ್ಕಕ್ಕೆ, ಅಂದರೆ ನಾಲ್ಕನೆಯ ಕಪ್ಪು ಮನೆಗೆ, ಶ್ರುತಿ ಹಿಡಿದು ಪಂಚಮಕ್ಕೆ ಏರಿದಾಗ ದನಿ ಪರದೆ ದಾಟಿ, ಪಡಸಾಲೆ ದಾಟಿ, ಓಣಿಗೆ ಇಳಿಯುತ್ತಿತ್ತು. ಕೆಲಸದ ಪಕ್ಕೀರವ್ವ ಒಮ್ಮೆ ಬಂದು ಹೇಳಿದ್ದಳು: "ನೀರಿಗೆ ಹೋದೋರು ಕೊಡ ಹೊತ್ತಽ ನಿಂತಿದ್ರವ್ವಾ, ನೀ ನಿಲ್ಲಿಸೂತನಕ." ಆ ರಾತ್ರಿ ಶೇಖರಮ್ಮನಿಗೆ ಊಟ ಸೇರಿರಲಿಲ್ಲ, ಸಂತೋಷಕ್ಕೆ.

ಹಾಗಾಗಿ ಮುಟ್ಟು ನಿಂತಾಗ ಅವಳು ಯಾರಿಗೂ ಹೇಳಲಿಲ್ಲ. ದಿನ ಎಣಿಸಿ, ಸರಿಯಾದ ಹೊತ್ತಿಗೆ "ಹೊರಗಾಗೇನ್ರಿ ಅತ್ತಿ" ಎಂದು ದನದ ಕೊಟ್ಟಿಗೆಯ ಪಕ್ಕದ ಕೋಣೆಯಲ್ಲಿ ಮೂರು ದಿನ ಕುಳಿತಳು. ಬೇರೆ ತಟ್ಟೆ, ಬೇರೆ ಚಾಪೆ. ಪಾಠವೊಂದು ತಪ್ಪಿತು, ಉಳಿದವು ಉಳಿದವು. ಮರುತಿಂಗಳೂ ಹಾಗೇ ಕುಳಿತಳು. ದೇವರ ಮುಂದೆ ಸುಳ್ಳು ಮೈಲಿಗೆ ಹೇಳಿದೆನಲ್ಲ ಎಂದು ಹೆದರಿದಳು. ಕೊಟ್ಟಿಗೆಯ ಗೋಡೆಗೆ ತಲೆ ಆನಿಸಿ, ಬಾಯಿ ಮುಚ್ಚಿಕೊಂಡೇ ಸಾ ಹಿಡಿದಳು.

ಮೂರನೆಯ ತಿಂಗಳಿನ ಒಂದು ಗುರುವಾರ ಕವಡೆ ಅರ್ಧಕ್ಕೇ ನಿಂತಿತು. ಮತ್ತೆ ಉಸಿರು ಎಳೆದರೆ ಹೊಟ್ಟೆ ತೊಳಸಿ, ಅದು ತಟತಟನೆ ಜಿಗಿದು ಕೆಳಗೆ ಬಿತ್ತು. ಮಾಸ್ತರರು ಕವಡೆಯನ್ನೇ ನೋಡಿದರು. ಎಂಟು ಮಕ್ಕಳ ತಂದೆ ಅವರು. ಪೇಟಿಯ ಮೇಲೆ ಬೆರಳು ಸರಿಸಿ, ಕರಿ ಎರಡಕ್ಕೆ ಇಳಿಸಿದರು.

"ಇವತ್ತು ಇಲ್ಲಿಂದ ಹಿಡೀರಿ, ತಂಗೆವ್ವ. ಸಣ್ಣಗ."

ಶೇಖರಮ್ಮನಿಗೆ ಹಗುರವಾಯಿತು. ಹಾಡಿದಳು.

ಬಾಗಿಲ ಬಳಿ ಅರಳೆ ಹಿಂಜುವ ಕೈ ನಿಂತಿತು.

"ಮಾಸ್ತರ, ಯಾಕ ಇಳಿಸಿದ್ರಿ?"

"ಥಂಡಿ ಐತ್ರಿ ಅವ್ವಾರ, ದನಿಗೆ—"

"ಥಂಡಿಗೆ ದನಿ ಒಡಿತೈತಿ. ಇಳಿಯೂದಿಲ್ಲ." ಮುದುಕಮ್ಮ ಎದ್ದಳು. "ಆರು ತಿಂಗಳು ಕರಿ ನಾಕರಾಗ ಹಾಡಿದಾಕಿಗೆ ಇವತ್ತು ಕರಿ ಎರಡು ಕೊಡ್ತೀರಿ. ನನಗೇನು ಕಿವಿ ಇಲ್ಲೇನು?"

ಪರದೆ ಸರಿಸಿ ಒಳಗೆ ಬಂದು ಸೊಸೆಯ ಮುಖ ನೋಡಿದಳು.

"ಎಷ್ಟು ತಿಂಗಳು?"

"ಮೂರ್ರಿ."

"ಹೊರಗ ಕುಂತಿದ್ದು?"

ಶೇಖರಮ್ಮ ತಲೆ ತಗ್ಗಿಸಿದಳು. ಬೈಗುಳ ಬರಲಿಲ್ಲ. ಬಂದಿದ್ದರೆ ಚೆನ್ನಾಗಿತ್ತು. ಮುದುಕಮ್ಮ ಅವಳ ನೆತ್ತಿ ನೇವರಿಸಿ, ಕುಲದೇವರ ಹೆಸರು ಹೇಳಿ, ಹೊಟ್ಟೆಯ ಸುತ್ತಲಿನ ದಾರವನ್ನು ತಾನೇ ಬಿಚ್ಚಿದಳು.

ಮಾಸ್ತರರು ಈಚೆಯಿಂದ ಹೇಳಿದರು: "ಅವ್ವಾರ, ನಮ್ಮನಿಯಾಕಿ ಹಸನಬೀ ಎಂಟನೇ ತಿಂಗಳದಾಗೂ ಹಾಡ್ಯಾಳ್ರಿ. ಏನೂ ಆಗಿಲ್ಲ. ಮೆತ್ತಗ ಹಾಡಿದ್ರ ಕೂಸಿಗೂ ಛಲೋ."

"ಅದು ನಿಮ್ಮ ಮನಿ, ಮಾಸ್ತರ. ಇದು ನಮ್ಮ ಮನಿ. ಕರಾರು ಆಗೇತಿ."

ಪೇಟಿ ಮುಚ್ಚುವ ಸದ್ದು ಕೇಳಿತು. ಆಮೇಲೆ ಅವರ ದನಿ, ಪರದೆಗೆ ಹತ್ತಿರದಲ್ಲಿ: "ನನ್ನಿಂದಽ ಆತು ನೋಡು ತಂಗೆವ್ವ. ನಾ ಇಳಿಸಬಾರದಿತ್ತು."

ನಿಮ್ಮ ತಪ್ಪಲ್ಲ ಎಂದು ಹೇಳಲು ಶೇಖರಮ್ಮ ಬಾಯಿ ತೆರೆದಳು. ಅತ್ತೆ ಪಕ್ಕದಲ್ಲೇ ಇದ್ದಳು. ಪರಗಂಡಸಿನೊಡನೆ ಮಾತು ಹೇಗೆ ಶುರು ಮಾಡಬೇಕೆಂದೇ ತಿಳಿಯಲಿಲ್ಲ. ಪೇಟಿಯ ಆಸರೆ ಇಲ್ಲದೆ ಸಾ ಹಿಡಿದಳು, ಕರಿ ನಾಲ್ಕು.

ಮಾಸ್ತರರು ನಿಂತು ಕೇಳಿದರು.

"ಕೂದಲೆಳಿಯಷ್ಟು ಕೆಳಗ ಐತಿ."

ಏರಿಸಿದಳು.

"ಹಾಂ," ಎಂದರು. ಚಪ್ಪಲಿ ಮೆಟ್ಟಿಕೊಂಡು ಹೋದರು.

ಅಂದಿನಿಂದ ಮನೆಯೆಲ್ಲ ಅವಳ ಮೇಲೆ ಅಕ್ಕರೆ ಸುರಿಯಿತು. ಕೊಡ ಎತ್ತಬೇಡ, ಅಟ್ಟ ಹತ್ತಬೇಡ, ಜೋರಾಗಿ ನಗಬೇಡ. ಗೌಡ ಕೊಪ್ಪಳದಿಂದ ಪೇಡೆ ತಂದು, ಹಾಡಿನ ಮಾತೆತ್ತದೆ ಕೊಟ್ಟು ಹೋದ. ಹಡೆದ ಮೇಲೆ ಕಲಿಯಬಹುದಲ್ಲ ಎಂದು ಅವಳು ಒಮ್ಮೆ ಕೇಳಿದಾಗ ಮುದುಕಮ್ಮ ಸಣ್ಣಗೆ ನಕ್ಕಳು.

"ಹಡದ ಮ್ಯಾಲೆ ಕೈಯಾಗ ಒಂದು, ಕಾಲಾಗ ಒಂದು. ಯಾವಾಗ ಹಾಡ್ತಿ ನೀನು?"

ಆ ಮಧ್ಯಾಹ್ನ ತುಪ್ಪ ಸುರಿದ ಬಿಸಿ ರವೆಯ ಸಜ್ಜಕವನ್ನು ಸೊಸೆಯ ಮುಂದಿಟ್ಟಳು.

"ಅತ್ತಿ, ಕರಿ ನಾಕು ಅಂತ ನಿಮಗ ಹೆಂಗ ಗೊತ್ತಾತ್ರಿ?"

"ಕುಂತೀನಲ್ಲ ಎಂಟು ತಿಂಗಳು."

"ಕುಂತ ಮಾತ್ರಕ್ಕ ಬರೂದಿಲ್ರಿ ಅದು. ನಿಮ್ಮ ಮಗಗ ಇನ್ನೂ ಗೊತ್ತಾಗೂದಿಲ್ಲ. ನೀವೂ ಹಾಡ್ತಿದ್ರೇನ್ರಿ?"

ಮುದುಕಮ್ಮ ಸೆರಗಿನಿಂದ ಸೊಸೆಯ ಹಣೆಯ ಬೆವರು ಒರೆಸಿ, ತಟ್ಟೆಯನ್ನು ಇನ್ನಷ್ಟು ಹತ್ತಿರ ತಳ್ಳಿದಳು.

"ಉಣ್ಣು. ಆರಾಕ್ಹತ್ತೈತಿ."