ಅಳತೆಗೆ ಒಬ್ಬಳು

"ಎತ್ತಿ, ಎತ್ತಿ! ಪೆಟ್ಟಿಗೆ ಮೂಲೆ ಚಿತ್ರಕ್ಕೆ ತಗುಲೀತು!" ಮೈದುನ ಕೂಗಿದ.

ಹೆಣ ಹೊತ್ತ ನಾಲ್ವರೂ ಸೊಂಟ ತಿರುಚಿ ಪಕ್ಕಕ್ಕೆ ಸರಿದರು. ಪೆಟ್ಟಿಗೆ ಗೋಡೆಗೆ ಢಬ್ಬೆಂದಿತು. ಒಳಗಿದ್ದವನಿಗೆ ಏಟು ಬಿದ್ದರೂ ಪರವಾಗಿಲ್ಲ, ಚಿತ್ರಕ್ಕೆ ಗೀರು ಬೀಳಬಾರದು. ಅವನು ಬದುಕಿದ್ದಾಗಲೂ ಆ ಮನೆಯ ಕಾನೂನು ಅದೇ.

ಚಿತ್ರ ಆಳೆತ್ತರದ್ದು. ಬೆಳಿಗ್ಗೆ ತಾನೇ ಪ್ರಿಂಟಿನವನು ಹಲಗೆಗೆ ಅಂಟಿಸಿ ತಂದಿದ್ದ. ಒಂದರ ಹಿಂದೊಂದು ಏಳು ಬೆಟ್ಟದ ಸಾಲು. ಹತ್ತಿರದ್ದು ಕಡುಗಪ್ಪು, ದೂರ ಹೋದಂತೆ ತೆಳು, ಕೊನೆಯದು ಬರೀ ಉಸಿರಿನಷ್ಟು. ಸತ್ತವನು ಕ್ಯಾಮೆರಾ ಹೊತ್ತು ಊರೂರು ಅಲೆದು ತೆಗೆದ ರಾಶಿಯಲ್ಲಿ ಒಂದು ಕ್ಯಾಲೆಂಡರಿಗಾದರೂ ಹೋದದ್ದು ಇದೊಂದೇ.

"ಬೆಳಕು ನೋಡ್ರೀ! ಸೂರ್ಯನ್ನ ಬಿಟ್ಟು ಒಂದು ಬಲ್ಬು ಹಚ್ಚಿದವನಲ್ಲ ನಮ್ಮಣ್ಣ," ಎಂದ ಮೈದುನ.

"ಮನೇಲೂ ಹಚ್ಚಲಿಲ್ಲ ಬಿಡಪ್ಪ," ಎಂದಳು ನೆರೆಮನೆಯಾಕೆ. "ಮನೆಗೆ ಮಾರಿ, ಊರಿಗೆ ಉಪಕಾರಿ."

ಯಾರೋ ನಕ್ಕು, ಕೆಮ್ಮಿದಂತೆ ಮಾಡಿದರು. ಸತ್ತವನ ಹೆಂಡತಿಗೆ ಅದ್ಯಾವುದೂ ಕೇಳಲಿಲ್ಲ. ಅವಳ ಬೆರಳು ಎರಡನೆಯ ಸಾಲಿನ ಮೇಲಿದ್ದ ಒಂದು ಕಪ್ಪು ಗುರುತಿನ ಹತ್ತಿರ ನಿಂತುಹೋಗಿತ್ತು.

*

"ಬರೀ ಬೆಟ್ಟ ಇದ್ರೆ ಎಷ್ಟೆತ್ತರ ಅಂತ ಯಾವನಿಗೆ ಗೊತ್ತಾಗುತ್ತೆ? ಅಳತೆಗೆ ಒಬ್ಬಳು ಬೇಕು. ಹೋಗು," ಎಂದಿದ್ದ ಗಂಡ.

ಆಗ ಅವಳು ಐದು ತಿಂಗಳ ಬಸುರಿ. ನಸುಕಿನಲ್ಲೇ ಕಣಿವೆ ಇಳಿದು, ಎರಡನೆಯ ಸಾಲು ಹತ್ತಿ ನಿಂತಳು. ಬಿಸಿಲು ಅಡ್ಡ ಬೀಳಬೇಕು, ಮಂಜು ಕೆಳಗೇ ಉಳಿಯಬೇಕು. ಎರಡು ಗಂಟೆ. ತೊಡೆಯಗುಂಟ ನೆತ್ತರು ಬಿಸಿಯಾಗಿ ಇಳಿದಾಗ ಕೈಬೀಸಿದಳು. ಆಚೆಯಿಂದ ಅವನೂ ಬೀಸಿದ: ಅಲುಗಬೇಡ.

ಆಸ್ಪತ್ರೆಯ ಮಂಚದ ಪಕ್ಕ ಕೂತು, "ಬೆಳಕು ಸಿಕ್ತು ಕಣೇ," ಎಂದ. ಹಾಳಾದವನ ಕಣ್ಣು ಹೊಳೆಯುತ್ತಿತ್ತು.

ಮತ್ತೆ ಮಕ್ಕಳಾಗಲಿಲ್ಲ. ಆ ಕೂಸು ಭೂಮಿಯ ಮೇಲಿತ್ತು ಎನ್ನುವುದಕ್ಕೆ ಉಳಿದ ಸಾಕ್ಷಿ ಗೋಡೆಯ ಮೇಲೆ ಅದೇ ಚಿತ್ರದ ಅಂಗೈಯಗಲದ ಪ್ರತಿ, ಅದರಲ್ಲೊಂದು ಚುಕ್ಕೆ. ಮೂವತ್ತೊಂದು ವರ್ಷ ಅದರ ಧೂಳು ಒರೆಸಿದ್ದಳು.

*

ಈಗ ಈ ದೊಡ್ಡ ಪ್ರತಿಯಲ್ಲಿ ಚುಕ್ಕೆ ಬೆರಳುದ್ದವಾಗಿತ್ತು. ಅದಕ್ಕೆ ತಲೆಯಿಲ್ಲ, ಕೈಯಿಲ್ಲ.

"ಇದರಲ್ಲಿ ನಾನೆಲ್ಲಿ?"

ಪ್ರಿಂಟಿನವನು ಹಲ್ಲು ಕಿರಿದ. "ಅದು ಮರದ ಮೊಂಡು ಅಮ್ಮಾ. ನಿಮ್ಮನ್ನ ಯಜಮಾನ್ರು ಅವತ್ತೇ ತೆಗೆಸಿಬಿಟ್ರಲ್ಲ! ನೀವು ಕೈಬೀಸಿ ನಿಮ್ಮ ಆಕಾರ ಅಲುಗಿ ಮಸುಕಾಗಿತ್ತು ನೋಡಿ. 'ಮುಚ್ಚು, ಅಳತೆಗೆ ಮೊಂಡೇ ಸಾಕು' ಅಂದ್ರು. ನಾನೇ ಬ್ರಷ್ ಹಿಡಿದು ಮುಚ್ಚಿದೆ. ಇಗೋ, ಇಲ್ಲಿದ್ರಿ." ಮೊಂಡಿನ ಎಡಕ್ಕೆ ಬೆರಳಿಟ್ಟು ಹೆಮ್ಮೆಯಿಂದ ತೋರಿಸಿದ.

ಅವಳು ತಲೆಯ ಪಿನ್ನು ಕಿತ್ತು ಅಲ್ಲೇ ಕೆರೆದಳು. ಕಪ್ಪು ಸುಲಿದು, ಅಡಿಯ ಬಿಳಿ ಕಾಗದ ಉಗುರಿನಷ್ಟು ಕಂಡಿತು. ಅದಕ್ಕೆ ತಾಗಿದಂತೆ ಇನ್ನೊಂದು ಕೆರೆದಳು, ಚಿಕ್ಕದು.

"ಅತ್ತಿಗೆ! ತಲೆ ನೆಟ್ಟಗಿದ್ಯಾ? ವ್ಯಾನಿನ ಮುಂದೆ ಕಟ್ಕೊಂಡು ಹೋಗೋ ಚಿತ್ರ ಅದು!" ಮೈದುನ ರಟ್ಟೆ ಹಿಡಿದು ಎಳೆದ.

"ಗಾಬರಿಯಾಗ್ಬೇಡಿ ಸಾರ್, ಎರಡು ನಿಮಿಷದ ಕೆಲಸ."

ಪ್ರಿಂಟಿನವನು ಜೇಬಿನಿಂದ ಕಪ್ಪು ಪೆನ್ಸಿಲ್ ತೆಗೆದ. ತುದಿಯನ್ನು ನಾಲಿಗೆಗೆ ಒತ್ತಿ, ಒಂದು ಕಣ್ಣು ಕಿರಿದು ಮಾಡಿ ತುಂಬತೊಡಗಿದ. ಮೊದಲು ದೊಡ್ಡದನ್ನು, ಆಮೇಲೆ ಚಿಕ್ಕದನ್ನು.