ಭಾರ ಹೊರದ ಎಲುಬು

ಬೀದಿಯಲ್ಲಿ ಶಾಲೆಯ ಮಕ್ಕಳ ಕಾಲಸಪ್ಪಳ, ದಪ್ ದಪ್ ದಪ್, ಲಕ್ಷ್ಮೇಶ್ವರದ ಧೂಳೆಲ್ಲ ಎದ್ದು ಬಾಗಿಲೊಳಗೆ ಬರುತ್ತಿದೆ, ಇವತ್ತು ಕನ್ನಡದ ಸೀಮೆಗಳೆಲ್ಲ ಒಂದಾದವಂತೆ, ಮುಂಬಯಿಯ ಹಂಗು ತೀರಿತಂತೆ, ಮಾಸ್ತರರು ಕೈಗೆ ಬಾವುಟ ಕೊಟ್ಟು ಮೆರವಣಿಗೆ ಹೊರಡಿಸಿದ್ದಾರೆ, ಎಷ್ಟೊಂದು ಕಾಲು, ಸುಗ್ರಾಬಿ ಎಣಿಸಹೋಗಿ ಬಿಟ್ಟಳು, ಎಲ್ಲವೂ ನೆಲಕ್ಕೆ ಬಡಿಯುವ ಕಾಲು, ತನ್ನ ಮುಮ್ತಾಜಳ ಎಡಗಾಲೊಂದನ್ನು ಬಿಟ್ಟು — ಅಮ್ಮೀ, ಕೈ ಬಿಡು, ಬಾಗಲತನಕಾ ನಾನ ಹೋಗತೀನಿ, ಹನ್ನೊಂದು ವರ್ಷದ ಮಗಳು ಕಂಬ ಹಿಡಿದು ನಿಂತಿದ್ದಾಳೆ, ಕಂಬದಿಂದ ಬಾಗಿಲಿಗೆ ಹತ್ತು ಹೆಜ್ಜೆ, ಬಿಡಬೇಕು, ಗದಗಿನ ಡಾಕ್ಟರರೂ ಬಿಡು ಎಂದೇ ಹೇಳಿದ್ದು, ಬಿಡುತ್ತೇನೆ, ಈ ಬೆರಳುಗಳಿಗೇಕೆ ಅದು ಕೇಳಿಸುತ್ತಿಲ್ಲ, ಮಗಳ ರಟ್ಟೆಯ ಮೇಲೆ ನಾಲ್ಕು ಬಿಳೀ ಗುರುತು ಮೂಡುವಷ್ಟು ಬಿಗಿಯಾಗಿ ಹಿಡಿದಿವೆಯಲ್ಲ.

ಎರಡೂವರೆ ವರ್ಷದ ಹಿಂದೆ ಹುಣಸೆಮರದಿಂದ ಬಿದ್ದಳು, ತೊಡೆ ಮುರಿಯಿತು, ಮುಂಡರಗಿಯಿಂದ ಎಲುಬು ಕಟ್ಟುವ ಹುಚ್ಚೀರಪ್ಪ ಬಂದು ಬಿದಿರಿನ ದಬ್ಬೆಯಿಟ್ಟು ಕಟ್ಟಿದ, ಮೂರು ತಿಂಗಳು ಅಲಗಾಡಸಬ್ಯಾಡ್ರಿ, ಆಮ್ಯಾಲೆ ಮಲಗಾಕ ಬಿಡಬ್ಯಾಡ್ರಿ, ನಡಸ್ರಿ ಎಂದ. ಅವನದೇನೂ ತಪ್ಪಿಲ್ಲ. ಮೂರು ತಿಂಗಳಿಗೆ ಸರಿಯಾಗಿ ಬಂದು ಬಿಚ್ಚಿದ, ಕೂಡೈತಿ, ನಿಲ್ಲವ್ವಾ ಎಂದ, ಮುಮ್ತಾಜ ನಿಂತಳು, ನೋಯತೈತಿ ಎಂದು ಒಂದೇ ಒಂದು ಸಲ ಅತ್ತಳು — ಆ ಒಂದು ಅಳುವಿಗೆ ಸುಗ್ರಾಬಿ ಅವಳನ್ನು ಎತ್ತಿ ಮತ್ತೆ ಹಾಸಿಗೆಯಲ್ಲಿ ಮಲಗಿಸಿದಳು. ರಮಜಾನ್ ಆಗಲಿ, ಮಳೆ ನಿಲ್ಲಲಿ, ಚಳಿ ಹೋಗಲಿ. ಗಂಡ ಮಾಶಾಕ ಹೊಲಿಗೆಯ ಯಂತ್ರ ನಿಲ್ಲಿಸಿ ಕೂಗುತ್ತಿದ್ದ, ಹುಡುಗೀನ್ನ ಒಂದೀಟು ನಡಸ, ಎಷ್ಟು ದಿನಾ ಹಿಂಗ. ಇವಳು ಕೂಗುತ್ತಿದ್ದಳು, ಮುರಿದರ ನೀ ಕೊಡತೀಯೇನು ಇನ್ನೊಂದು ಕಾಲು, ಒಂದನ್ನ ಮಣ್ಣಿಗಿಟ್ಟು ಬಂದೀನಿ, ಸಾಲದೇನು. ಗೌಸಬಿ, ಮೊದಲ ಮಗಳು, ಮೂರು ವರ್ಷದವಳನ್ನು ಸಿಡುಬು ಒಯ್ದಿತ್ತು, ಅವಳು ಹೋದ ಮೇಲೆ ಈ ಕೈಗಳು ವಾರಗಟ್ಟಲೆ ಏನನ್ನೋ ಹಿಡಿಯಲು ಹುಡುಕುತ್ತಿದ್ದವು. ಇವಳನ್ನಾದರೂ ಬಿಡಬಾರದು. ಹಾಲು, ತತ್ತಿ, ಎಲ್ಲ ಮಲಗಿದಲ್ಲೇ, ಓಣಿಯ ಹೆಂಗಸರು ಬಂದು, ತಾಯಿ ಅಂದ್ರ ಹಿಂಗಿರಬೇಕು ನೋಡು ಎನ್ನುತ್ತಿದ್ದರು, ಅದನ್ನು ಕೇಳಿ ಹಿಗ್ಗುತ್ತಿದ್ದಳಲ್ಲ, ಹಿಗ್ಗಿ ಇನ್ನೊಂದು ದಿಂಬು ತಂದಿಡುತ್ತಿದ್ದಳಲ್ಲ.

ಹೋದ ತಿಂಗಳು ಗದಗಿನಲ್ಲಿ ಡಾಕ್ಟರರು ಎಕ್ಸ್‌ರೇಯನ್ನು ಕಿಟಕಿಯ ಬೆಳಕಿಗೆ ಹಿಡಿದಿದ್ದರು, ಬಲತೊಡೆಯ ಎಲುಬು ದಪ್ಪ ಅಂಚಿನದು, ಬೆಳ್ಳಗೆ, ಎಡದ್ದು — ಹಲಗೆಯ ಮೇಲೆ ಬರೆದು ಅಂಗೈಯಿಂದ ಒರೆಸಿದ ಬಳಪದ ಗೆರೆ. ಮುರದದ್ದು ಎಂದೋ ಕೂಡೈತೆವ್ವಾ, ಚಂದಾಗಿ ಕೂಡೈತಿ, ಮತ್ಯಾಕ ಮಲಗಿಸಿದ್ರಿ? ನೋಯತೈತಿ ಅಂದ್ಳರಿ. ಎಲುಬು ಕಲ್ಲಲ್ಲವ್ವಾ, ಅದಕ್ಕೂ ಜೀವ ಐತಿ, ಮೈಭಾರ ಬಿದ್ದಷ್ಟು ಗಟ್ಟಿ ಆಕ್ಕೈತಿ, ಭಾರಾನ ಬೀಳಲಿಲ್ಲಂದ್ರ ಇದ್ದದ್ದೂ ಸವೀತೈತಿ, ಆಡೋ ವಯಸ್ಸಿನಾಗ ಎರಡೂವರೆ ವರ್ಷ ಹಾಸಿಗ್ಯಾಗ ಹೋತು, ಇನ್ನ ಬೆಳಿಯೂದು ನಾಕು ವರ್ಷ ಅಷ್ಟ, ಅದರಾಗ ಗಳಿಸಿದ್ದ ಅಕೀ ಜನ್ಮಕ್ಕ. ಬಿದ್ದು ಮತ್ತ ಮುರದ್ರರಿ? ಮುರೀಬಹುದು, ಸುಳ್ಳು ಹೇಳಂಗಿಲ್ಲ, ಮಲಗಿಸಿದ್ರ ಮಾತ್ರ ನಡಿಯೂದ ಇಲ್ಲ. ಮರಳಿ ಬರುವಾಗ ಶಿರಹಟ್ಟಿಯಲ್ಲಿ ಬಸ್ಸು ನಿಂತಾಗ ಮುಮ್ತಾಜಳಷ್ಟೇ ಹುಡುಗಿಯೊಬ್ಬಳು ತುಂಬಿದ ಕೊಡ ಹೊತ್ತು ಬರಿಗಾಲಲ್ಲಿ ಏರು ಹತ್ತುತ್ತಿದ್ದಳು, ಪಾಪ ಎನ್ನಲು ಬಾಯಿ ತೆರೆದ ಸುಗ್ರಾಬಿ ತನ್ನ ಮಡಿಲಲ್ಲಿದ್ದ ಮಗಳ ಕಾಲು ನೋಡಿದಳು, ಯಾರು ಪಾಪ.

ಅಮ್ಮೀ, ಹೋದ್ರು, ಎಲ್ಲಾರೂ ಹೋಗಾಕಹತ್ಯಾರ, ಬಿಡ — ಬಿಟ್ಟಳು, ಹೇಗೆ ಬಿಟ್ಟಳೋ, ಬೆರಳು ಒಂದೊಂದಾಗಿ, ಮುಮ್ತಾಜ ಒಂದು ಹೆಜ್ಜೆ, ಗೋಡೆ ಇಲ್ಲ, ಕಂಬ ಇಲ್ಲ, ಎರಡು, ಎಡಗಾಲು ಗಿಡ್ಡ, ಹಿಮ್ಮಡಿ ನೆಲಕ್ಕಿಂತ ಒಂದು ಬೆರಳು ಮೇಲೇ, ಮೂರು, ಅಲ್ಲಾ, ತೊಡೆ ನಡುಗುತ್ತಿದೆ, ಆ ಒರೆಸಿದ ಗೆರೆಯ ಮೇಲೆ ನನ್ನ ಮಗಳು ನಿಂತಿದ್ದಾಳೆ, ನಾಲ್ಕು — ವಾಲಿದಳು, ಮೊಣಕಾಲೂರಿ ಬಿದ್ದಳು, ಸದ್ದಾಯಿತೇ, ಅದು ಎಲುಬಿನ ಸದ್ದೇ, ಇಲ್ಲ, ಹುಡುಗಿ ಎರಡೂ ಅಂಗೈ ನೆಲಕ್ಕೊತ್ತಿ ಏಳುತ್ತಿದ್ದಾಳೆ, ಮುಖದಲ್ಲಿ ನೋವಿಲ್ಲ, ಸಿಟ್ಟಿದೆ, ಎತ್ತಬ್ಯಾಡ ಅಮ್ಮೀ, ನಾನ ಏಳತೀನಿ, ಎತ್ತಬ್ಯಾಡ ಅಂದ್ನೆಲ್ಲ! — ಆದರೆ ಎತ್ತಿಯಾಗಿತ್ತು. ಯಾವಾಗ ಓಡಿದಳು, ಯಾವಾಗ ಬಾಗಿದಳು, ಮಗಳನ್ನು ಎದೆಗೆ ಅವಚಿಕೊಂಡಾಗಿತ್ತು, ಎಷ್ಟು ಹಗುರ, ಹನ್ನೊಂದು ವರ್ಷಕ್ಕೆ ಇಷ್ಟು ಹಗುರವೇ, ಇಳಸು, ಇಳಸಮ್ಮೀ, ಮುಷ್ಟಿಯಿಂದ ಹೆಗಲಿಗೆ ಗುದ್ದುತ್ತಿದ್ದಾಳೆ, ಇಳಿಸುತ್ತೇನೆ, ಈಗ ಇಳಿಸುತ್ತೇನೆ, ಕೈ ಸಡಿಲವಾಗುತ್ತಿಲ್ಲ, ಮೆರವಣಿಗೆ ಓಣಿ ದಾಟಿತು, ಧೂಳು ಕೂತಿತು, ಸುಗ್ರಾಬಿ ಕೆಳಗೆ ನೋಡುತ್ತಾಳೆ, ಒಂದು ಸಣಕಲು ಹಿಮ್ಮಡಿ, ಬಿರುಕಿಲ್ಲದ್ದು, ಕೂಸಿನದರಂತೆ ಮೆತ್ತಗಿನದು, ನೆಲದಿಂದ ಒಂದು ಮೊಳ ಮೇಲೆ, ಗಾಳಿಯಲ್ಲಿ, ತೂಗುತ್ತಿದೆ, ಹಿಮ್ಮಡಿ, ನೆಲ ಮುಟ್ಟದ ಹಿಮ್ಮಡಿ